ಮೀಸೆ ಹೋದ ರವಿವಾರ

ವಿದ್ಯುತ್ತಿನ ವಿಷಯದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಸವಣೂರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ವೋಲ್ಟು, ಆಂಪಿಯರು, ಓಮುಗಳನ್ನು ಪುಸ್ತಕ ಮುಟ್ಟದೆ ಪಾಠ ಮಾಡುತ್ತಿದ್ದೆ. ನಮ್ಮ ಓಣಿಯಲ್ಲಿ ಯಾರ ಮನೆಯ ದೀಪ ಹೋದರೂ ಮೊದಲು ನನಗೇ ಕರೆ ಬರುತ್ತಿತ್ತು. ನಾನು ಹೋಗಿ, ತಲೆಯೆತ್ತಿ ನೋಡಿ, "ಫ್ಯೂಜ್ ಹೋಗೇತಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಆಮೇಲೆ ಅವರು ವಾಯರಮನ್‌ನನ್ನು ಕರೆಸಿ ಅದನ್ನು ಹಾಕಿಸಿಕೊಳ್ಳುತ್ತಿದ್ದರು.

ಇಂಥ ಮನುಷ್ಯ ಕರೆಂಟಿನ ದಾಡಿ ಮಶೀನು ಕೊಳ್ಳಲು ಹೊರಟರೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಫಾರಿನ್ ಮಾಲು ಎಂದರೆ ಜನ ಕೈ ತೊಳೆದುಕೊಂಡು ಮುಟ್ಟುತ್ತಿದ್ದ ಕಾಲ. ಅದೇ ಹೊತ್ತಿಗೆ ನನ್ನ ಹೆಂಡತಿ ರುಕ್ಮಿಣಿಯ ತಂಗಿ ಶಾಂತಾಳಿಗೆ ಹಾನಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ವಿಠ್ಠಲ, ಸ್ವಂತ ಕಿರಾಣಿ ಅಂಗಡಿ, ಒಳ್ಳೆಯ ಮನೆತನ. ಅಕ್ಕತಂಗಿಯರಿಗೆ ತಂದೆತಾಯಿ ಇಲ್ಲದ್ದರಿಂದ ಶಾಂತಾ ನಮ್ಮ ಮನೆಯಲ್ಲೇ ಬೆಳೆದವಳು. ಅವಳನ್ನು ನೋಡಲು ರವಿವಾರ ಮಧ್ಯಾಹ್ನ ಹಾನಗಲ್ಲಿನವರು ಬರುವುದಿತ್ತು. ಹಿರಿಯನಾಗಿ ಕೂತು ಮಾತಾಡಬೇಕಾದವನು ನಾನು. ಏನು ಮಾತಾಡಬೇಕು, ಎಲ್ಲಿ ನಗಬೇಕು, ಎಲ್ಲಿ ಮೀಸೆ ತಿರುವಬೇಕು ಎಂಬುದನ್ನೆಲ್ಲ ನಾನು ಮೊದಲೇ ತಯಾರಿ ಮಾಡಿಕೊಂಡಿದ್ದೆ.

ಮೀಸೆಯ ಬಗ್ಗೆ ಒಂದು ಮಾತು ಹೇಳಬೇಕು. ಕಾಲೇಜಿನ ದಿನಗಳಿಂದ ಬೆಳೆಸಿದ ಮೀಸೆ ಅದು. ಗದ್ದಲ ಮಾಡುವ ಕ್ಲಾಸಿಗೆ ಹೋಗಿ ನಾನು ಬಾಯಿ ತೆರೆಯಬೇಕಾಗಿರಲಿಲ್ಲ, ಮೀಸೆ ಸ್ವಲ್ಪ ಅಲುಗಾಡಿದರೆ ಸಾಕಾಗಿತ್ತು. ಮದುವೆಗೆ ಮುಂಚೆ ರುಕ್ಮಿಣಿ ನನ್ನ ಫೋಟೋ ನೋಡಿ ಒಪ್ಪಿದ್ದೂ ಮೀಸೆಯನ್ನು ನೋಡಿಯೇ. ಉಳಿದದ್ದನ್ನು ಅವಳು ಆಮೇಲೆ ನೋಡಿದ್ದು.

ಶನಿವಾರ ಅರ್ಧ ದಿನದ ಶಾಲೆ ಮುಗಿಯುತ್ತಲೇ ನಾನು ಬಸ್ ಸ್ಟ್ಯಾಂಡಿನ ಕಡೆಗೆ ದಾಪುಗಾಲು ಹಾಕಿದೆ. ಪಕ್ಕದ ಮನೆಯ ಗೌರಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಎಲ್ಲಿಗ್ರಿ ಮಾಸ್ತರ, ಇಷ್ಟ ಅವಸರದಾಗ?"

"ಬಂದ ಹೇಳ್ತೇನ್ರಿ ಗೌರಕ್ಕ," ಎಂದು ನಿಲ್ಲದೆ ನಡೆದೆ. ಮಶೀನಿನ ಗುಟ್ಟು ಅಷ್ಟು ಬೇಗ ಓಣಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಹುಬ್ಬಳ್ಳಿಯ ಪೇಟೆಯ ಒಂದು ಸಂದಿಯಲ್ಲಿ ಫಾರಿನ್ ಮಾಲಿನ ಚಿಕ್ಕ ಅಂಗಡಿ. ಅಂಗಡಿಯವ ಗಾಜಿನ ಮೇಲೆ ಎರಡು ಮಶೀನು ಇಟ್ಟ. ಒಂದಕ್ಕೆ ದುಂಡನೆಯ ಮೂತಿ, ಇನ್ನೊಂದಕ್ಕೆ ಚಪ್ಪಟೆ ಮೂತಿ.

"ಇದರಾಗ ಚಲೋದು ಯಾವುದ್ರಿ?" ಎಂದೆ.

"ಎರಡೂ ಚಲೋರಿ ಸಾಹೇಬ್ರ. ದುಂಡಂದು ದುಂಡ ಮುಖಕ್ಕ, ಚಪ್ಪಟಿದು ಚಪ್ಪಟಿ ಮುಖಕ್ಕ."

ನಾನು ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಇಷ್ಟು ವರ್ಷ ಜೊತೆಗೇ ಇದ್ದರೂ ಅದು ಯಾವ ಆಕಾರದ್ದು ಎಂದು ಹೇಳಲು ಬರಲಿಲ್ಲ. ಅಂಗಡಿಯವ ನನ್ನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ನಿಮ್ಮದು ಎರಡರ ನಡುವ ಐತ್ರಿ," ಎಂದು ತೀರ್ಪು ಕೊಟ್ಟ. ನಡುವಿನ ಮುಖಗಳಿಗೆ ಚಪ್ಪಟೆಯೇ ಒಗ್ಗುತ್ತದಂತೆ. ಅದರ ಬೆನ್ನಿಗೆ ಒತ್ತಿದರೆ ಹೊರಬರುವ ಚಿಕ್ಕ ಹಣಿಗೆಯಂಥ ಬ್ಲೇಡೊಂದಿತ್ತು. "ಮೀಸಿ ತಿದ್ದಾಕ," ಎಂದ.

"ಒಮ್ಮೆ ನಡಿಸಿ ತೋರಸ್ರಿ," ಎಂದೆ. ನಾನೇನು ಕಣ್ಣು ಮುಚ್ಚಿ ಸಾಮಾನು ತರುವ ಪೈಕಿಯಲ್ಲ.

ಅವನು ತನ್ನ ಎಡತೋಳು ಮೇಲಕ್ಕೆ ಸರಿಸಿದ. ತೋಳು ಕೂಸಿನ ಕೆನ್ನೆಯಂತೆ ನುಣ್ಣಗಿತ್ತು. ಬೆಳಗಿನಿಂದ ಬಂದ ಗಿರಾಕಿಗಳಿಗೆ ತೋರಿಸಿ ತೋರಿಸಿ ಅಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಬಲತೋಳು ನೋಡಿದ, ಅದೂ ಹಾಗೇ. ಸ್ವಲ್ಪ ಯೋಚಿಸಿ ಪ್ಯಾಂಟು ಮೊಣಕಾಲಿನವರೆಗೆ ಏರಿಸಿದ. ಅಲ್ಲಿಯೂ ಬೆಳೆ ಕಟಾವಾಗಿತ್ತು. ಕೊನೆಗೆ ನನ್ನ ಮುಂಗೈಯನ್ನೇ ಎಳೆದುಕೊಂಡ. ಮಶೀನು ಜೇನುನೊಣದಂತೆ ಮೆಲ್ಲಗೆ ಗುಂಯ್‌ಗುಟ್ಟಿತು, ಕೈಮೇಲೆ ಒಂದು ಹಾದಿ ಹಸನಾಯಿತು. ನೋವಿಲ್ಲ, ಉರಿಯಿಲ್ಲ. ಮಶೀನಿನ ವಾಯರು ಗಲ್ಲಾಪೆಟ್ಟಿಗೆಯ ಕೆಳಗಿದ್ದ ಒಂದು ಭಾರವಾದ ಕಬ್ಬಿಣದ ಡಬ್ಬಿಗೆ ಹೋಗಿ, ಅಲ್ಲಿಂದ ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಆ ಡಬ್ಬಿ ಯಾತಕ್ಕೆ ಎಂದು ಕೇಳಬೇಕೆನಿಸಿತು. ಆದರೆ ಮಾತಿನ ನಡುವೆ ನಾನು ವಿಜ್ಞಾನದ ಮಾಸ್ತರ ಎಂದು ಹೇಳಿಬಿಟ್ಟಿದ್ದೆ. ಹಾಗೆ ಹೇಳಿದ ಮೇಲೆ ಕೇಳಲು ಬರುವುದಿಲ್ಲ.

ರೈಲಿನಲ್ಲಿ ಯಲವಿಗಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಸವಣೂರಿಗೆ ಬಂದಾಗ ಸಂಜೆಯಾಗಿತ್ತು. ಮಶೀನಿನ ಪೆಟ್ಟಿಗೆಯನ್ನು ಅಂಗಿಯ ಒಳಗೆ ಎದೆಗೆ ಅವಚಿಕೊಂಡು, ತಲೆ ತಗ್ಗಿಸಿ ಓಣಿ ದಾಟಿದೆ. ಗೌರಕ್ಕ ಅದನ್ನೂ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು, ನಾನು ತಲೆ ಎತ್ತಲಿಲ್ಲ.

ರವಿವಾರ ಬೆಳಿಗ್ಗೆ ಪ್ರಯೋಗ. ನಮ್ಮ ಬಾಡಿಗೆ ಮನೆಯಲ್ಲಿ ಪ್ಲಗ್ಗು ಎಂಬುದು ಇರಲಿಲ್ಲ, ಪಡಸಾಲೆಯ ನಡುವೆ ಬಲ್ಬಿನ ಹೋಲ್ಡರ್ ಒಂದೇ ಜೋತಾಡುತ್ತಿತ್ತು. ಬಲ್ಬು ತೆಗೆದು ಅದಕ್ಕೇ ವಾಯರು ಸಿಕ್ಕಿಸಿದೆ. ವಾಯರು ಗಿಡ್ಡ. ಹಾಗಾಗಿ ಸ್ಟೂಲಿನ ಮೇಲೆ ಏರಿ ನಿಂತೆ. ರುಕ್ಮಿಣಿ ಕೆಳಗೆ ನಿಂತು ಎರಡೂ ಕೈ ಎತ್ತಿ ಕನ್ನಡಿ ಹಿಡಿದಳು.

"ಹಣಮಂತನ ಅಂಗಡ್ಯಾಗ ಕುರ್ಚಿ ಮ್ಯಾಲೆ ಕುಂತ ದಾಡಿ ಮಾಡಿಸ್ಕೊಂತಿದ್ರಿ," ಎಂದಳು. "ಈಗ ಸುಧಾರಣಾ ಆಗಿ ಸ್ಟೂಲ್ ಹತ್ತೀರಿ."

"ಹಣಮಂತ ಒಂದ ಕೆನ್ನಿ ಮುಗಿಸೂದರಾಗ ಊರಿನ ಎಲ್ಲಾರ ಜಗಳಾ ಹೇಳಿ ಮುಗಸ್ತಾನ. ಕನ್ನಡಿ ಮ್ಯಾಲೆ ಹಿಡಿ."

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾಮಾ, ಆಗಲೇ ಕರೆಂಟ್ ಹೋಗೇತಿ," ಎಂದಳು. ಸರಿ, ಬರುವವರೆಗೆ ಕೈಯಾದರೂ ಪಳಗಲಿ ಎಂದು ಬೆನ್ನಿನ ಬ್ಲೇಡು ಹೊರತೆಗೆದು ಮೀಸೆಯ ತುದಿಯ ಹತ್ತಿರ ಹಿಡಿದು ಅಭ್ಯಾಸ ಮಾಡತೊಡಗಿದೆ. ಇಲ್ಲಿಂದ ಇಷ್ಟು, ಅಲ್ಲಿಂದ ಅಷ್ಟು ಎಂದು ರುಕ್ಮಿಣಿಗೆ ವಿವರಿಸಿದೆ. ಗುಂಡಿ ಒತ್ತಿದ್ದು ಒತ್ತಿದಂತೇ ಇತ್ತು.

ಕರೆಂಟು ಬಂತು.

ಅದು ಹುಬ್ಬಳ್ಳಿಯಲ್ಲಿ ಕೇಳಿದ ಜೇನುನೊಣದ ಸದ್ದಾಗಿರಲಿಲ್ಲ. ಹಿಟ್ಟಿನ ಗಿರಣಿಯೊಳಗೆ ಯಾರೋ ಬೆಕ್ಕನ್ನು ಬಿಟ್ಟಂತೆ ಮಶೀನು ಚೀರಿತು, ನನ್ನ ಕೈಯೊಳಗೆ ಜಿಗಿಯಿತು, ಮೀಸೆಯ ಎಡಭಾಗವನ್ನು ತುದಿಯಿಂದ ಮೂಗಿನವರೆಗೆ ನುಂಗಿತು, ಟಪ್ ಎಂದಿತು, ಹೊಗೆ ಬಿಟ್ಟಿತು, ಸತ್ತುಹೋಯಿತು. ನಾನು ಸ್ಟೂಲಿನಿಂದ ಇಳಿದದ್ದು ನನಗೆ ನೆನಪಿಲ್ಲ. ಕೆಳಗಿದ್ದೆ ಎಂಬುದು ಮಾತ್ರ ನಿಜ.

ಹೊಗೆ ಆರಿದ ಮೇಲೆ ಮಶೀನನ್ನು ತಿರುವಿ ನೋಡಿದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ನೂರಾಹತ್ತು ವೋಲ್ಟು ಎಂದು ಬರೆದಿತ್ತು. ನಮ್ಮ ದೇಶದ ಹೋಲ್ಡರಿನಲ್ಲಿ ಅದರ ಎರಡು ಪಟ್ಟು ಇರುತ್ತದೆ ಎಂದು ನಾನು ಹೋದ ತಿಂಗಳಷ್ಟೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದ್ದೆ. ಅಂಗಡಿಯ ಕಬ್ಬಿಣದ ಡಬ್ಬಿ ಇದ್ದದ್ದು ವೋಲ್ಟನ್ನು ಅರ್ಧಕ್ಕೆ ಇಳಿಸಲು ಎಂಬುದೂ ಆಗ ತಿಳಿಯಿತು.

ರುಕ್ಮಿಣಿ ಕನ್ನಡಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಅವಳ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದು ನಾನು ತಿಳಿದೆ. ಹಾಗೇನೂ ಇರಲಿಲ್ಲ.

ಉಳಿದ ಬಲಭಾಗವನ್ನು ಎಡಭಾಗಕ್ಕೆ ಸರಿದೂಗಿಸುವ ಕೆಲಸ ಶುರುವಾಯಿತು. ಕತ್ತರಿಯಿಂದ ಬಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ. ಸರಿದೂಗಿಸುತ್ತ ಸರಿದೂಗಿಸುತ್ತ ಮೀಸೆ ಮೂಗಿನ ಕೆಳಗೆ ಒಂದು ಕಪ್ಪು ಚುಕ್ಕೆಯಾಗಿ ನಿಂತಿತು.

"ನೊಣ ಕುಂತಂಗ ಕಾಣ್ತೈತ್ರಿ," ಎಂದಳು ರುಕ್ಮಿಣಿ.

"ಹಂಗಾರ ಪೂರ್ತಿ ತಗದಬಿಡ್ತೇನಿ."

ಅವಳ ನಗೆ ನಿಂತಿತು. "ಬ್ಯಾಡ್ರಿ. ಮಾವಾರು ಜೀವಂತ ಇರೂಮುಂದ ಮಗಾ ಮೀಸಿ ತಗಸಬಾರದು. ಮಂದಿ ಏನ ತಿಳಕೊಂತಾರ?"

ನಮ್ಮ ಮನೆತನಗಳಲ್ಲಿ ಮಗ ಮೀಸೆ ತೆಗೆಸುವುದು ತಂದೆ ತೀರಿಕೊಂಡಾಗ ಮಾತ್ರ. ನನ್ನ ಅಪ್ಪ ಫಕೀರಪ್ಪ ಗಟ್ಟಿಮುಟ್ಟಾಗಿದ್ದ. ನಮ್ಮ ಜೊತೆಗೇ ಇದ್ದವನು, ಕೆಲವು ದಿನದ ಮಟ್ಟಿಗೆ ಚಿಕ್ಕೇರೂರಿಗೆ ನನ್ನ ಅಕ್ಕನ ಮನೆಗೆ ಹೋಗಿದ್ದ. ಶಾಂತಾಳನ್ನು ನೋಡಲು ಬರುವವರ ಹೊತ್ತಿಗೆ ಬಂದು ಮುಟ್ಟುತ್ತೇನೆ ಎಂದು ಹೇಳಿಹೋಗಿದ್ದ.

"ನಾ ವಿಜ್ಞಾನ ಕಲಸಾಂವ," ಎಂದೆ ರುಕ್ಮಿಣಿಗೆ. "ಮೀಸಿಗೂ ಅಪ್ಪನ ಆಯುಷ್ಯಕ್ಕೂ ಏನ ಸಂಬಂಧ?"

ಹಳೆಯ ಬ್ಲೇಡಿನಿಂದ ಕೊನೆಯ ಚುಕ್ಕೆಯನ್ನೂ ಒರೆಸಿಹಾಕಿದೆ. ಸುಟ್ಟ ಹೊಗೆಗೆ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಮುಖ ತೊಳೆಯಲು ಹಿತ್ತಲಿಗೆ ಹೋದೆ. ಗಿಡ್ಡ ಗೋಡೆಯ ಆಚೆ ಗೌರಕ್ಕ ಅರಿವೆ ಒಣಹಾಕುತ್ತಿದ್ದಳು. ನನ್ನ ತಲೆಯ ಟವೆಲ್ಲು ನೋಡಿದಳು, ಕಣ್ಣೀರು ನೋಡಿದಳು, ಬೋಳು ತುಟಿ ನೋಡಿದಳು. ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಏನೂ ಮಾತಾಡದೆ ಒಳಗೆ ಹೋದಳು. ಗೌರಕ್ಕ ಏನೂ ಮಾತಾಡದೆ ಒಳಗೆ ಹೋದದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ನನಗೆ ಅಲ್ಲಿಯೇ ಸಂಶಯ ಬರಬೇಕಿತ್ತು.

ನಾನು ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಹಾನಗಲ್ಲಿನವರು ಬರುವವರೆಗೆ ಯಾರಿಗೂ ಮುಖ ತೋರಿಸುವುದಿಲ್ಲ ಎಂದು ತೀರ್ಮಾನಿಸಿದೆ. ಸ್ವಲ್ಪ ಹೊತ್ತಿಗೆ ಮುಂಬಾಗಿಲಲ್ಲಿ ಗೌರಕ್ಕನ ದನಿ ಕೇಳಿತು. ರುಕ್ಮಿಣಿ ಒಲೆಯ ಮೇಲಿನ ಎಣ್ಣೆ ಬಿಟ್ಟು ಹೋಗಿ ಬಾಗಿಲಲ್ಲಿ ನಿಂತು ಮಾತಾಡಿದಳು. ಕರಿಯುತ್ತಿದ್ದ ಸಂಡಿಗೆಯ ಮೇಲೆಯೇ ಅವಳ ಜೀವವಿತ್ತು.

"ರುಕ್ಮವ್ವಾ, ಮಾಸ್ತರನ್ನ ಹಿತ್ತಲದಾಗ ನೋಡಿದೆ. ಹೊಟ್ಟ್ಯಾಗ ಸಂಕಟ ಆತು. ಹೋತೇನ?"

"ಹೋಗೇ ಬಿಡ್ತು ನೋಡ್ರಿ ಗೌರಕ್ಕ."

"ಏನಾಗಿತ್ತ ಹಂಗ?"

"ಏನ ಆಗಿತ್ರಿ, ಚಲೋನ ಇತ್ತು. ಒಮ್ಮೆಲೆ ಗುರ್ರ್ ಅಂತು. ಅಷ್ಟ."

"ಭಾಳ ತ್ರಾಸ ಆಗಲಿಲ್ಲಲ್ಲ?"

"ಮೊದಲ ಒಂದ ಕಡಿ ಅಷ್ಟ ಹೋತು. ಅರ್ಧ ಉಳಕೊಂಡ ಏನ ಮಾಡೂದ್ರಿ, ನೋಡಾಕ ಆಗವಲ್ದು. ಅದೂ ಹೋಗಲಿ ಅಂದ್ವಿ."

"ಲಕ್ವಾ ಹೊಡದಿತ್ತ ಅನ್ನು. ಹೋಗಿದ್ದ ಚಲೋ ಆತ ಬಿಡವ್ವಾ, ಹಾಸಗಿ ಹಿಡದಿದ್ರ ನೀ ಮಾಡಬೇಕಾಗತಿತ್ತು. ಎಲ್ಲಾ ಮುಗಿಸಿದ್ರೇನ?"

"ಮುಗೀತ್ರಿ. ಮನಿ ಉಡಗಿ, ಸಾರಿಸಿ, ಈಗ ಒಲಿ ಮುಂದ ಕುಂತೆ."

"ಮಾಸ್ತರ?"

"ಬಾಗಲಾ ಹಾಕ್ಕೊಂಡ ಕುಂತಾರ. ಯಾರಿಗೂ ಮಾರಿ ತೋರಸಂಗಿಲ್ಲಂತ."

"ಇರೂದ ಅವ್ವಾ. ಹಚ್ಚಿಕೊಂಡಿದ್ರು."

"ಮತ್ತ ಬರ್ತೈತಿ ಬಿಡ್ರಿ," ಎಂದಳು ರುಕ್ಮಿಣಿ. "ಎಲ್ಲಿಗೆ ಹೋಗ್ತೈತಿ? ಸ್ವಲ್ಪ ದಿವಸ ತಡೀಬೇಕಷ್ಟ."

"ಹೂಂ ಅವ್ವಾ," ಎಂದು ಗೌರಕ್ಕ ಬಿಕ್ಕಿದಳು. "ನಿನ್ನ ಹೊಟ್ಟ್ಯಾಗನ ಹುಟ್ಟಿ ಬರಲಿ."

ಎಣ್ಣೆ ಹೊಗೆಯಾಡುತ್ತಿತ್ತು. ರುಕ್ಮಿಣಿ ಓಡಿ ಒಳಗೆ ಬಂದಳು. ಸಂಡಿಗೆ ತೆಗೆದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಏನ್ರೀ, ಗೌರಕ್ಕ ನಿಮ್ಮ ಮೀಸಿ ನನ್ನ ಹೊಟ್ಟ್ಯಾಗ ಹುಟ್ಟಲಿ ಅಂದ್ಲು," ಎಂದಳು.

"ನಿನಗ ಸರಿ ಕೇಳಿಸಿರಂಗಿಲ್ಲ," ಎಂದೆ. ಹಿರಿಯನಾಗಿ ಆಡಬೇಕಾದ ಮಾತುಗಳನ್ನು ನಾನು ಒಳಗೆ ಮತ್ತೊಮ್ಮೆ ಒಪ್ಪಿಸಿಕೊಳ್ಳುತ್ತಿದ್ದೆ.

ಆಮೇಲೆ ತಿಳಿದಂತೆ, ಗೌರಕ್ಕನ ಲೆಕ್ಕ ಬಹಳ ಚೊಕ್ಕವಾಗಿತ್ತು. ಶನಿವಾರ ಮಾಸ್ತರ ಅವಸರದಲ್ಲಿ ಓಡಿದ, ಅಂದರೆ ಚಿಕ್ಕೇರೂರಿನಿಂದ ಟೆಲಿಗ್ರಾಮು ಬಂದಿತ್ತು. ಸಂಜೆ ಎದೆಗೆ ಏನೋ ಅವಚಿಕೊಂಡು ತಲೆ ತಗ್ಗಿಸಿ ಬಂದ, ಅಂದರೆ ಎಲ್ಲ ಮುಗಿಸಿ ಬಂದ. ಬೆಳಿಗ್ಗೆ ತುಟಿ ಬೋಳು. ಇದಕ್ಕಿಂತ ಗಟ್ಟಿಯಾಗಿ ನಾನು ಕೂಡ ಯಾವ ಪ್ರಮೇಯವನ್ನೂ ಸಾಧಿಸಿ ತೋರಿಸಿದವನಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಚಪ್ಪಲಿಗಳ ಸದ್ದು ಕೇಳತೊಡಗಿತು. ಹಾನಗಲ್ಲಿನವರು ಬಹಳ ಜನ ಬಂದಿದ್ದಾರೆ ಎಂದುಕೊಂಡೆ. ಆಮೇಲೆ ಒಬ್ಬ ಹೆಂಗಸು ದನಿಯೆತ್ತಿ ಹಾಡಿ ಅಳತೊಡಗಿದಳು. ಕನ್ಯೆ ನೋಡಲು ಬಂದವರು ಹೀಗೇಕೆ ಅಳುತ್ತಾರೆ ಎಂದು ಕಿವಿಗೊಟ್ಟೆ. "ಎಲ್ಲಿಗೆ ಹ್ವಾದ್ಯೋ ನಮ್ಮಪ್ಪಾ ಫಕೀರಪ್ಪಾ" ಎಂಬುದು ಸ್ಪಷ್ಟವಾಗಿ ಕೇಳಿತು.

ಬಾಗಿಲು ತೆರೆದು ಹೊರಗೆ ಓಡಿದೆ. ಅಂಗಳದ ತುಂಬ ಹೆಂಗಸರು, ಕಟ್ಟೆಯ ತುಂಬ ತಲೆಗೆ ಟವೆಲ್ಲು ಹಾಕಿಕೊಂಡ ಗಂಡಸರು. ರುಕ್ಮಿಣಿ ಸಂಡಿಗೆ ಕರಿಯುವ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದಳು. ಎಲೆತೋಟದ ಬಾಳಪ್ಪ, ಓಣಿಯ ಹಿರಿಯ, ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ.

"ಬಾಳಪ್ಪನವರ," ಎಂದೆ, "ಅಪ್ಪ ಸತ್ತಿಲ್ರಿ."

"ಹೌದ್ರಿ ಮಾಸ್ತರ, ಎಲ್ಲೆ ಸತ್ತಾರ? ನಮ್ಮ ಕಣ್ಣಾಗ ಅದಾರ."

"ಹಂಗಲ್ರಿ. ಖರೇನ ಅದಾರ. ಚಿಕ್ಕೇರೂರಾಗ ಅದಾರ. ಇವತ್ತ ಬಸ್ಸಿಗೆ ಬರ್ತಾರ."

ಹೆಂಗಸರ ಅಳು ಒಮ್ಮೆಲೇ ಏರಿತು. "ಪಾಪ, ಬಸ್ಸಿಗೆ ಬರ್ತಾರಂತ," ಎಂದು ಒಬ್ಬಳು ಎದೆ ಬಡಿದುಕೊಂಡಳು. "ಹಿಂಗ ಬಿಟ್ರ ಮಾಸ್ತರ ತಲಿ ಕೆಡ್ತೈತಿ, ಅತ್ತ ಹಗುರ ಆಗ್ರಿ," ಎಂದ ಬಾಳಪ್ಪ. ನಾನು ಒಳಗೆ ಹೋಗಿ ಸುಟ್ಟ ಮಶೀನನ್ನು ತಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ನೋಡ್ರಿ, ಇದಕ್ಕ ಕಾರಣ ಇದು."

ಬಾಳಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದ. "ಅಪ್ಪಂದೇನ್ರಿ? ನೆನಪಿಗೆ ಜ್ವಾಕಿ ಇಟಗೊಳ್ರಿ," ಎಂದು ಕಣ್ಣೊರೆಸಿಕೊಂಡು ಮರಳಿ ಕೊಟ್ಟ.

ಈ ಹೊತ್ತಿಗೆ ಅತ್ತ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಪ್ಪ ಬಂದ ಬಸ್ಸಿಗೇ ಹಾನಗಲ್ಲಿನವರೂ ಹತ್ತಿದ್ದರು. ಹುಡುಗ ವಿಠ್ಠಲ, ಅವನ ತಾಯಿ, ಸೋದರಮಾವ ತಿಪ್ಪಣ್ಣ. ಅಪ್ಪನೂ ತಿಪ್ಪಣ್ಣನೂ ಒಬ್ಬರಿಗೊಬ್ಬರು ಯಾರೆಂದು ಗೊತ್ತಿಲ್ಲದೆಯೇ ದಾರಿಯುದ್ದಕ್ಕೂ ಭತ್ತದ ಬಗ್ಗೆ ಮಾತಾಡಿಕೊಂಡು ಬಂದಿದ್ದರು. ಇಳಿದ ಮೇಲೆ ತಿಪ್ಪಣ್ಣ ವಿಜ್ಞಾನದ ಮಾಸ್ತರರ ಮನೆ ಎಲ್ಲಿ ಎಂದು ವಿಚಾರಿಸಿದಾಗ, "ಅದು ನಮ್ಮ ಮನಿನರಿ, ಬರ್ರಿ," ಎಂದು ಅಪ್ಪ ಸಂತೋಷದಿಂದ ವೀಳ್ಯದೆಲೆಯ ಕಟ್ಟು ಕೊಂಡು, ಅವರನ್ನು ಕರೆದುಕೊಂಡು ಹೊರಟಿದ್ದ. ಓಣಿಯ ಮೂಲೆಯಲ್ಲಿ ಗುರುತಿಲ್ಲದ ಯಾರೋ ಒಬ್ಬರು ಎದುರಾಗಿ, "ಮಾಸ್ತರ ಮನಿಗೇನ್ರಿ? ಹೋಗ್ರಿ ಪಾಪ, ಸಾವಾಗೇತಿ," ಎಂದು ಹೇಳಿ ಮುಂದೆ ಹೋದರು. ಅಷ್ಟರಲ್ಲಿ ಅಳುವ ದನಿಯೂ ಕಿವಿಗೆ ಬಿತ್ತು.

ಅಪ್ಪ ಎಲೆಯ ಕಟ್ಟು ಅಲ್ಲೇ ಬಿಟ್ಟು ಓಡಿದ. ಧೋತರದ ಚುಂಗು ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಅಂಗಳಕ್ಕೆ ನುಗ್ಗಿದವನೇ, "ಯಾರು? ಯಾರ ಹೋದ್ರು?" ಎಂದ. ಅವನ ದನಿ ಒಡೆದಿತ್ತು.

ಅಳು ಕಡಿದುಹೋಯಿತು. ಹಾಡಿ ಅಳುತ್ತಿದ್ದವಳು ಬಾಯಿ ತೆರೆದದ್ದು ತೆರೆದಂತೇ ಉಳಿದಳು. ಗೌರಕ್ಕ ಎದ್ದು ನಿಂತವಳು ಹಿಂದೆ ಹಿಂದೆ ಸರಿದು ತುಳಸಿಯ ಕಟ್ಟೆಗೆ ತಾಗಿ ನಿಂತಳು.

ಅಪ್ಪ ರುಕ್ಮಿಣಿಯನ್ನು ನೋಡಿದ. "ನೀ ಇದ್ದೀ." ಶಾಂತಾಳನ್ನು ನೋಡಿದ. "ನೀನೂ ಇದ್ದೀ." ಗುಂಪಿನ ನಡುವೆ ನನ್ನನ್ನು ಹುಡುಕಿ ಹಿಡಿದು, ನನ್ನ ಎರಡೂ ತೋಳು ಅಲುಗಾಡಿಸಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅಪ್ಪ ನನ್ನ ಸಲುವಾಗಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಂಥ ಹೊತ್ತಿನಲ್ಲಿ ಮಗ ಏನಾದರೂ ಹೇಳಬೇಕು. ನಾನು ಬಗ್ಗಿ ಅವನ ಧೋತರದ ಚುಂಗು ಎತ್ತಿ ಕೊಟ್ಟೆ.

"ನೀನೂ ಚಲೋ ಅದೀ. ಮತ್ತ ಹೋದಾವರು ಯಾರೋ?" ಎಂದವನ ಕಣ್ಣು ಆಗ ನನ್ನ ತುಟಿಯ ಮೇಲೆ ಬಿತ್ತು. ಬಹಳ ಹೊತ್ತು ನೋಡಿದ. ಒಂದು ಕೈಯಿಂದ ತನ್ನ ಎದೆ ಮುಟ್ಟಿ ನೋಡಿಕೊಂಡ.

"ನಾನ ಏನ?" ಎಂದ.

"ಹೌದ್ರಿ," ಎಂದ ಬಾಳಪ್ಪ, ವಿನಯದಿಂದ. "ನೀವ."

ಆಮೇಲೆ ಏನಾಯಿತು ಎಂದು ಕ್ರಮವಾಗಿ ಹೇಳುವುದು ಕಷ್ಟ. ಅಪ್ಪ ಬೈದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಅವನು ಬೈಯುತ್ತಿದ್ದಂತೆ ಜನರಿಗೆ ಅವನು ನಿಜವಾಗಿಯೂ ಬದುಕಿದ್ದಾನೆ ಎಂದು ನಂಬಿಕೆ ಬಂತು. ಗೌರಕ್ಕ ಮುಟ್ಟಿ ನೋಡಿದಳು. ರುಕ್ಮಿಣಿ ಬೆಳಗಿನ ಕಥೆಯನ್ನೆಲ್ಲ ಹೇಳಿದಳು. ಸ್ಟೂಲಿನ ಭಾಗಕ್ಕೆ ಬಂದಾಗ ಅತ್ತವರೆಲ್ಲ ನಗತೊಡಗಿದರು. ನೊಣದ ಭಾಗವನ್ನು ಬಿಡು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಬಿಡಲಿಲ್ಲ.

ಆದರೆ ಹಾನಗಲ್ಲಿನವರು ಬಾಗಿಲಾಚೆ ದಾರಿಯಲ್ಲೇ ನಿಂತಿದ್ದರು. ಹುಡುಗನ ತಾಯಿ ಮುಖ ಬಿಗಿದುಕೊಂಡಿದ್ದಳು. "ಅಳೂ ಮನ್ಯಾಗ ಕಾಲಿಟ್ಟ ಹುಡಗೀನ ನೋಡೂದು ಚಲೋ ಅನಸೂದಿಲ್ಲ. ತಿಪ್ಪಣ್ಣಾ, ನಡಿ, ಮತ್ತೊಮ್ಮೆ ನೋಡೋಣಂತ," ಎಂದಳು. ಮತ್ತೊಮ್ಮೆ ಎಂದರೆ ಎಂದೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಶಾಂತಾಳ ಮುಖ ಸಣ್ಣದಾಯಿತು. ಬೆಳಗಿನಿಂದ ಅವಳು ಹೊಸ ಸೀರೆ ಉಟ್ಟು ಕಾದಿದ್ದಳು. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ತಯಾರಿ ಮಾಡಿಕೊಂಡ ಮಾತುಗಳಲ್ಲಿ ಇಂಥ ಸಂದರ್ಭಕ್ಕೆ ಒಂದೂ ಇರಲಿಲ್ಲ.

ಅಪ್ಪನೇ ಬಾಗಿಲಿಗೆ ಹೋದ.

"ಅವ್ವಾರ, ಸತ್ತಾಂವ ನಾನು. ನನಗ ಸೂತಕ ಹತ್ತಿಲ್ಲಂದ್ರ ನಿಮಗ ಹ್ಯಾಂಗ ಹತ್ತೈತಿ? ಬರ್ರಿ, ಒಳಗ ಕುಂಡರ್ರಿ. ತಿಪ್ಪಣ್ಣನವರ, ಭತ್ತದ ಮಾತ ಅರ್ಧಕ್ಕ ನಿಂತೈತಿ."

ತಿಪ್ಪಣ್ಣ ನಕ್ಕುಬಿಟ್ಟ. ತಾಯಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಎಲ್ಲರೂ ಒಳಗೆ ಬಂದರು. ಅಳಲು ಬಂದವರೂ ಒಳಗೆ ಬಂದರು, ಹೇಗೂ ಬಂದಿದ್ದೇವಲ್ಲ ಎಂದು. ಒಂದು ಮನೆಯವರಿಗೆಂದು ಮಾಡಿದ ಶಿರಾ ಇಡೀ ಓಣಿಗೆ ಹಂಚಿಹೋಯಿತು. ಮೀಸೆಯಿಲ್ಲದ ಮನುಷ್ಯ ಶುಭ ಮಾತಿನ ಮುಂದೆ ಕೂರುವುದು ಬೇಡ ಎಂದು ಬಾಳಪ್ಪ ಸೂಚಿಸಿದ್ದರಿಂದ ನನ್ನನ್ನು ಅಡುಗೆಮನೆಗೆ ಕಳಿಸಿದರು. ನಾನು ದಿನಗಟ್ಟಲೆ ತಯಾರಿ ಮಾಡಿದ್ದ ಮಾತುಕತೆಯನ್ನು ಅಪ್ಪ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಮುಗಿಸಿದ. ನಾನು ಚಹಾದ ಕಪ್ಪು, ಬಸಿಗಳನ್ನು ತೊಳೆಯುತ್ತ ಎಲ್ಲ ಕೇಳಿಸಿಕೊಂಡೆ. ನನ್ನ ಕೊರತೆ ಯಾರಿಗೂ ಆದಂತೆ ಕಾಣಲಿಲ್ಲ.

ಕೊನೆಗೆ ತಿಪ್ಪಣ್ಣ, "ಹುಡುಗಿ ಏನರ ಕೇಳೂದಿದ್ರ ಕೇಳಲಿ," ಎಂದ. ಸಾಮಾನ್ಯವಾಗಿ ಹುಡುಗಿಯರು ತಲೆ ತಗ್ಗಿಸಿ ಏನೂ ಇಲ್ಲ ಎನ್ನುತ್ತಾರೆ. ಶಾಂತಾ ತಲೆಯೆತ್ತಿ ವಿಠ್ಠಲನನ್ನು ನೇರವಾಗಿ ನೋಡಿದಳು.

"ನೀವು ದಾಡಿ ಎಲ್ಲೆ ಮಾಡಿಸ್ತೀರಿ?"

ವಿಠ್ಠಲ ಗಾಬರಿಯಾದ. "ಅಂಗಡ್ಯಾಗರಿ," ಎಂದ. "ಕುರ್ಚಿ ಮ್ಯಾಲೆ ಕುಂತು."

"ಆತು," ಎಂದು ಶಾಂತಾ ಒಳಗೆ ಎದ್ದುಬಂದಳು. ಸಂಬಂಧ ಕೂಡಿತು.

ಎಲ್ಲರೂ ಹೋದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂತ. ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಬೇರೆ ಏನೋ ಬಂದಿತ್ತು. "ರುಕ್ಮಾ, ಬಾಳಪ್ಪ ಏನಂದಾ ನನ್ನ ಬಗ್ಗೆ?" ಎಂದು ಕೇಳಿದ.

"ನಿಮ್ಮಂಥಾ ಮನಷ್ಯಾ ಈ ಓಣ್ಯಾಗ ಹುಟ್ಟಿಲ್ಲ ಅಂದ್ರರಿ."

"ಹಂಗ ಅಂದ್ನಾ? ಚೌಕಾಬಾರಾ ಆಡೂಮುಂದ ಮೋಸಗಾರ ಅಂತಿದ್ದ." ಅಪ್ಪ ಎಲೆಗೆ ಸುಣ್ಣ ಹಚ್ಚಿದ. "ಗೌರವ್ವ ಖರೇನ ಅತ್ಲೇನ?"

"ಭಾಳ ಅತ್ಲರಿ."

"ಮತ್ತ ಅಕ್ಕಸಾಲಿ ಗುರುನಾಥ? ಬಂದಿರಲಿಲ್ಲೇನ? ನೋಡೋಣಂತ, ಅವನ ಮನ್ಯಾಗ ಏನರ ಆಗಲಿ."

ರಾತ್ರಿ ಊಟದವರೆಗೆ ಅದೇ ವಿಚಾರಣೆ ನಡೆಯಿತು. ಅಪ್ಪ ಅಷ್ಟು ಖುಷಿಯಾಗಿ ಉಂಡದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಸೋಮವಾರ ಅಪ್ಪ ನನ್ನೊಂದಿಗೇ ಹೊರಟ. ಬದುಕಿದ್ದೇನೆಂದು ಓಣಿಯ ಪ್ರತಿ ಬಾಗಿಲಿಗೂ ತಾನೇ ತೋರಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದ. ಪ್ರತಿ ಬಾಗಿಲಲ್ಲೂ ಚಹಾ ಆಯಿತು, ಸ್ಟೂಲಿನ ಕಥೆಯಾಯಿತು. ನಾನು ಶಾಲೆಗೆ ತಡವಾಗಿ ಮುಟ್ಟಿದೆ.

ನಮ್ಮ ಹೆಡ್‌ಮಾಸ್ತರರು ಶಿಗ್ಗಾಂವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ಅಪ್ಪ ಸತ್ತ ಸುದ್ದಿ ರವಿವಾರವೇ ಶಿಗ್ಗಾಂವಿ ಬಸ್ಸು ಹತ್ತಿತ್ತು. ಬದುಕಿದ ಸುದ್ದಿ ಹತ್ತಿರಲಿಲ್ಲ. ಅವರು ಪ್ರಾರ್ಥನೆಯ ಹೊತ್ತಿಗೆ ಅಪ್ಪನ ಆತ್ಮಕ್ಕೆ ಶಾಂತಿ ಕೋರಿ, ಎಲ್ಲರನ್ನೂ ಮೌನವಾಗಿ ನಿಲ್ಲಿಸಿ, ಶಾಲೆಗೆ ಸೂಟಿ ಕೊಟ್ಟಿದ್ದರು. ನಿಜ ಗೊತ್ತಿದ್ದ ನಮ್ಮ ಓಣಿಯ ಹುಡುಗರು ತುಟಿ ಪಿಟಕ್ಕೆನ್ನದೆ ಎಲ್ಲರಿಗಿಂತ ಗಂಭೀರವಾಗಿ ನಿಂತಿದ್ದರಂತೆ.

ನಾನು ಗೇಟಿನೊಳಗೆ ಕಾಲಿಟ್ಟಾಗ ಮಕ್ಕಳು ಪಾಟಿಚೀಲ ಹೆಗಲಿಗೇರಿಸಿ ಕುಣಿಯುತ್ತ ಹೊರಗೆ ಬರುತ್ತಿದ್ದರು. ನನ್ನನ್ನು ನೋಡಿ ನಿಂತರು. ನನ್ನ ಹಿಂದೆ ಗೇಟಿನವರೆಗೂ ಬಂದಿದ್ದ ಅಪ್ಪ ಹೆಡ್‌ಮಾಸ್ತರರಿಗೆ ದೊಡ್ಡ ದನಿಯಲ್ಲಿ ನಮಸ್ಕಾರ ಹೇಳಿದ. ಹೆಡ್‌ಮಾಸ್ತರರು ಅಪ್ಪನನ್ನು ನೋಡಿದರು, ನನ್ನ ತುಟಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಸಿಪಾಯಿಗೆ ಗಂಟೆ ಬಾರಿಸಲು ಹೇಳಿದರು.

ಒಬ್ಬ ಮನುಷ್ಯ ಬದುಕಿರುವುದಕ್ಕೆ ಅಷ್ಟೊಂದು ಜನ ಒಟ್ಟಿಗೆ ದುಃಖಪಟ್ಟದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಇಡೀ ಶಾಲೆ ನನ್ನ ಬೋಳು ತುಟಿಯನ್ನು ನೋಡುತ್ತ, ಕಾಲೆಳೆಯುತ್ತ ಮರಳಿ ಕ್ಲಾಸಿಗೆ ನಡೆಯಿತು.

ಮೊದಲ ಪಿರಿಯಡ್ಡು ನನ್ನದೇ ಇತ್ತು.